ಕೊನೆಗೆ ಬಂದವರದೇ ಬಣ್ಣ

ಬೆಂಗಳೂರಿನ ಯಾವ ಸಾಫ್ಟ್‌ವೇರ್ ಕಂಪನಿಗಾದರೂ ಹೋಗಿ, ಐದಾರು ವರ್ಷ ವಯಸ್ಸಾದ ವೆಬ್ ಅಪ್ಲಿಕೇಶನ್ ಒಂದರ ಸ್ಟೈಲ್ ಫೋಲ್ಡರನ್ನು ತೆರೆಸಿ ನೋಡಿ. ‘ಸ್ಟೈಲ್’ ಅಂತ ಒಂದು ಫೈಲಿರುತ್ತದೆ. ಅದರ ಕೆಳಗೆ ‘ಸ್ಟೈಲ್-ನ್ಯೂ’. ಅದರ ಕೆಳಗೆ ‘ಸ್ಟೈಲ್-ನ್ಯೂ-2’. ‘ಕಸ್ಟಮ್’ ಅಂತೊಂದು, ‘ಓವರ್‌ರೈಡ್’ ಅಂತೊಂದು, ಆ ಓವರ್‌ರೈಡನ್ನೂ ಮೀರಿಸಲೆಂದು ಹುಟ್ಟಿದ ‘ಫಿಕ್ಸ್’ ಅಂತೊಂದು. ‘ಟೆಂಪ್’ ಅನ್ನುವ ಫೈಲಂತೂ ಇದ್ದೇ ಇರುತ್ತದೆ. ಇಡೀ ಫೋಲ್ಡರಿನಲ್ಲಿ ಖಾಯಂ ನೌಕರಿ ಅಂತ ಸಿಕ್ಕಿರುವುದು ಅದಕ್ಕೊಂದಕ್ಕೇ. ಎಂದೋ ಒಂದು ದೀಪಾವಳಿಗೆ ಮುಖಪುಟದಲ್ಲಿ ಹಣತೆ ಉರಿಸಲು ಬರೆದ ಫೈಲು, ಹಣತೆ ಆರಿ ಎಷ್ಟೋ ವರ್ಷವಾದರೂ, ಇವತ್ತಿಗೂ ಪ್ರತಿ ಪುಟದ ಜೊತೆ ಶ್ರದ್ಧೆಯಿಂದ ಲೋಡಾಗುತ್ತಿರುತ್ತದೆ.

“ಇದೆಲ್ಲ ಯಾರು ಬರೆದಿದ್ದಪ್ಪ?” ಅಂತ ಕೇಳಿ. “ನಂಗಿಂತ ಮುಂಚೆ ಇದ್ದೋರು ಸಾರ್” ಅನ್ನುತ್ತಾರೆ. ಈ ‘ಮುಂಚೆ ಇದ್ದೋರು’ ಎಂಬ ಪುಣ್ಯಾತ್ಮರು ಇಲ್ಲದೇ ಹೋಗಿದ್ದರೆ ನಮ್ಮ ಅರ್ಧ ಜನಕ್ಕೆ ಮೀಟಿಂಗಿನಲ್ಲಿ ಬಾಯೇ ಬರುತ್ತಿರಲಿಲ್ಲ. ಅವರು ಈಗ ಇನ್ನೊಂದು ಕಂಪನಿಯಲ್ಲಿ, ಇನ್ನೊಂದು ಫೋಲ್ಡರಿನ ಮುಂದೆ ಕೂತು, ಅಲ್ಲಿ ಮುಂಚೆ ಇದ್ದೋರನ್ನು ಬೈಯುತ್ತಿರುತ್ತಾರೆ.

ಈ ಉಸಾಬರಿ ಇಲ್ಲದೆ ನೆಮ್ಮದಿಯಾಗಿರುವವರಿಗೆ ಎರಡು ಮಾತು. ವೆಬ್ ಪುಟದಲ್ಲಿ ಏನೇನಿದೆ ಅನ್ನುವುದನ್ನು ಹೇಳುವುದು ಎಚ್‌ಟಿಎಂಎಲ್. ಅದು ಹೇಗೆ ಕಾಣಬೇಕು, ಅಕ್ಷರ ಎಷ್ಟು ದಪ್ಪ, ಅಂಚು ಎಷ್ಟು ಅಗಲ, ಬಟನ್ನಿಗೆ ಯಾವ ಬಣ್ಣ ಅನ್ನುವುದನ್ನು ಹೇಳುವುದು ಸಿಎಸ್‌ಎಸ್ ಎಂಬ ಸ್ಟೈಲ್‌ಶೀಟು. ನಾರ್ವೆಯ ಹೋಕನ್ ವಿಯುಮ್ ಲೀ ಅನ್ನುವವರು ಜಿನೀವಾದ ಸರ್ನ್ ಪ್ರಯೋಗಾಲಯದಲ್ಲಿದ್ದಾಗ, 1994ರ ಅಕ್ಟೋಬರ್ 10ರಂದು, ಇದರ ಮೊದಲ ಕರಡನ್ನು ಮುಂದಿಟ್ಟರು. ಆ ಕರಡು ಓದಿದರೆ ನಗು ಬರುತ್ತದೆ, ಜೊತೆಗೆ ಕನಿಕರವೂ. ಪುಟ ಬರೆದವನಿಗೂ ಆಸೆ ಇರುತ್ತದೆ, ಓದುವವನಿಗೂ ಆಸೆ ಇರುತ್ತದೆ, ಇಬ್ಬರನ್ನೂ ಕೂರಿಸಿ ರಾಜಿ ಮಾಡಿಸೋಣ ಅಂತ ಆ ಮನುಷ್ಯ ಸಾಲುಗಳ ಪಕ್ಕದಲ್ಲಿ ಶೇಕಡಾ ಲೆಕ್ಕ ಇಟ್ಟಿದ್ದರು. ಈ ಶಿರೋನಾಮೆಯ ಗಾತ್ರದಲ್ಲಿ ನನ್ನ ಮಾತು ಶೇಕಡಾ 40 ನಡೆಯಲಿ, ಮಿಕ್ಕಿದ್ದು ನಿಮ್ಮಿಷ್ಟ ಅನ್ನುವ ಥರ. ಎಂಥಾ ಸಜ್ಜನಿಕೆ! ಆಮೇಲೆ ಹಾಲೆಂಡಿನ ಬರ್ಟ್ ಬೋಸ್ ಜೊತೆ ಸೇರಿದರು, 1996ರ ಡಿಸೆಂಬರಿನಲ್ಲಿ ಸಿಎಸ್‌ಎಸ್‌ನ ಮೊದಲ ಆವೃತ್ತಿ ಅಧಿಕೃತವಾಯಿತು, ಶೇಕಡಾ ಲೆಕ್ಕ ಎಲ್ಲೋ ಬಿದ್ದುಹೋಯಿತು. ಉಳಿದದ್ದು ಗೆದ್ದವರಿಗೆಲ್ಲ, ಸೋತವರಿಗೇನಿಲ್ಲ ಅನ್ನುವ ವ್ಯವಹಾರ.

ಗೆಲ್ಲುವ ಕಾನೂನು ಇಷ್ಟೇ. ಒಂದೇ ಬಟನ್ನಿನ ಬಗ್ಗೆ ಎರಡು ಕಡೆ ಎರಡು ಮಾತಿದ್ದರೆ, ಹೆಚ್ಚು ನಿಖರವಾಗಿ ಬೆರಳು ತೋರಿಸಿದವನ ಮಾತು ನಡೆಯುತ್ತದೆ. ಒಬ್ಬನಿಗೇ ಮೀಸಲಾದ ಐಡಿ ಹಿಡಿದು ಕರೆದವನು ಹಲವರಿಗೆ ಹಂಚಿದ ಕ್ಲಾಸ್ ಹಿಡಿದು ಕರೆದವನಿಗಿಂತ ಮೇಲು, ಕ್ಲಾಸ್ ಹಿಡಿದವನು ಬರೀ ಟ್ಯಾಗ್ ಹಿಡಿದವನಿಗಿಂತ ಮೇಲು. ಎಷ್ಟೇ ಕ್ಲಾಸುಗಳು ಒಟ್ಟಾದರೂ ಒಂದು ಐಡಿಯನ್ನು ಅಲ್ಲಾಡಿಸಲು ಆಗಬಾರದು ಅಂತ ಕಾನೂನು ಹೇಳುತ್ತದೆ. ಆದರೆ ಒಂದು ಕಾಲದ ಬ್ರೌಸರುಗಳು ಈ ಲೆಕ್ಕವನ್ನು ಎಂಟು ಬಿಟ್ಟಿನ ಪುಟ್ಟ ಡಬ್ಬಿಯಲ್ಲಿ ಇಟ್ಟಿದ್ದವು. ಹಾಗಾಗಿ 256 ಕ್ಲಾಸುಗಳನ್ನು ಒಂದರ ಬಾಲಕ್ಕೊಂದು ಕಟ್ಟಿದರೆ ಡಬ್ಬಿ ತುಂಬಿ ಹರಿದು ಐಡಿ ಸೋಲುತ್ತಿತ್ತು. ಇದನ್ನು ಕಂಡುಹಿಡಿಯುವಷ್ಟು ಪುರುಸೊತ್ತು ಇದ್ದವರಿಗೆ ನನ್ನ ನಮಸ್ಕಾರ.

ಇನ್ನು ನಿಖರತೆಯಲ್ಲೂ ಇಬ್ಬರೂ ಸಮ ಸಮ ಆದರೆ? ಆಗ ಯಾರು ಕೊನೆಗೆ ಬಂದರೋ ಅವರದೇ ಬಣ್ಣ. ಯಾರು ಸೀನಿಯರ್ರು, ಯಾರ ಕೋಡ್ ಚೆನ್ನಾಗಿದೆ, ಯಾರದನ್ನು ಕ್ಲಯಂಟ್ ಒಪ್ಪಿದ್ದಾನೆ ಅನ್ನುವುದನ್ನೆಲ್ಲ ಬ್ರೌಸರ್ ಕೇಳುವುದಿಲ್ಲ. ಫೈಲಿನಲ್ಲಿ ಕೆಳಗಿದ್ದವನು ಗೆದ್ದ, ಅಷ್ಟೇ. ಸ್ಟೈಲ್‌ಶೀಟುಗಳನ್ನು ಓರಣವಾಗಿಡುವುದು ಅಂತ ನಾವು ಕಾನ್ಫರೆನ್ಸ್ ರೂಮು ಬುಕ್ ಮಾಡಿ ಚರ್ಚಿಸುವ ಫೋಲ್ಡರ್ ಹೆಸರು, ಫೈಲ್ ಹೆಸರು ಎಲ್ಲವೂ ತೋರಣ. ಅಸಲು ಸಂಗತಿ ಸಾಲು. ಯಾರ ಹಿಂದೆ ಯಾರು ಅನ್ನುವುದೊಂದೇ. ಅದನ್ನು ಮಾತ್ರ ಯಾರೂ ಎಲ್ಲೂ ಬರೆದಿಟ್ಟಿರುವುದಿಲ್ಲ.

ಕೊನೆಗೆ ಬಂದವರಿಗೆ ಗೆಲುವು ಅಂತಾದ ಮೇಲೆ ಹಳೆಯದನ್ನು ಅಳಿಸುವ ಗೋಜಿಗೆ ಯಾರು ಹೋಗುತ್ತಾರೆ? ನಮ್ಮ ಬೀದಿಗೆ ಟಾರು ಹಾಕುವ ಕ್ರಮ ನೋಡಿದ್ದೀರಲ್ಲ, ಹಾಗೇ. ಹಳೇ ಟಾರು ಕೆರೆದು ತೆಗೆಯುವ ಪದ್ಧತಿಯೇ ಇಲ್ಲ. ಮೇಲೊಂದು ಪದರ ಸುರಿದು ರೋಲರ್ ಓಡಿಸಿದರೆ ಬಿಲ್ ಪಾಸು. ಹೀಗೆ ರಸ್ತೆ ಏರಿ ಏರಿ, ಒಂದು ಕಾಲಕ್ಕೆ ಎರಡು ಮೆಟ್ಟಿಲು ಹತ್ತಿ ಹೋಗುತ್ತಿದ್ದ ಮನೆಗೆ ಈಗ ಎರಡು ಮೆಟ್ಟಿಲು ಇಳಿದು ಹೋಗಬೇಕು. ಮಳೆ ಬಂದರೆ ನೀರು ಬೆಲ್ ಮಾಡದೇ ಹಾಲಿಗೆ ಬರುತ್ತದೆ. ಸಿಎಸ್‌ಎಸ್‌ನಲ್ಲೂ ಅದೇ ಪದರ. ಒಬ್ಬ ಬಟನ್ನಿಗೆ ಹಸಿರು ಬಳಿದ. ಇನ್ನೊಬ್ಬನಿಗೆ ನೀಲಿ ಬೇಕಾಯಿತು, ಹಸಿರನ್ನು ಅಳಿಸಿದರೆ ಎಲ್ಲಿ ಏನು ಬೀಳುತ್ತದೋ ಅಂತ ಹೆದರಿ ಕೆಳಗೆ ನೀಲಿ ಬರೆದ. ಮೂರನೆಯವಳು ಬಂದು ಐಡಿ ಹಾಕಿ ಬೂದು ಮಾಡಿದಳು. ನಾಲ್ಕನೆಯವನ ತಾಳ್ಮೆ ತಪ್ಪಿತು. ಸಾಲಿನ ಕೊನೆಗೆ ಒಂದು ಉದ್ಗಾರ ಚಿಹ್ನೆ ಗುದ್ದಿ ‘ಇಂಪಾರ್ಟೆಂಟ್’ ಅಂತ ಬರೆದುಬಿಟ್ಟ. ಬಟನ್ ಈಗ ಮತ್ತೆ ಹಸಿರು.

ಈ ‘ಇಂಪಾರ್ಟೆಂಟ್’ ಅನ್ನುವ ಬ್ರಹ್ಮಾಸ್ತ್ರದ ಕಥೆಯೂ ಹೇಳುವಂಥದ್ದೇ. ಸಿಎಸ್‌ಎಸ್‌ನ ಮೊದಲ ಆವೃತ್ತಿಯಲ್ಲಿ ಪುಟ ಬರೆದವನೂ ಓದುವವನೂ ಇಬ್ಬರೂ ಅದನ್ನು ಪ್ರಯೋಗಿಸಿದರೆ ಬರೆದವನೇ ಗೆಲ್ಲುತ್ತಿದ್ದ. 1998ರ ಎರಡನೇ ಆವೃತ್ತಿಯಲ್ಲಿ ಅದನ್ನು ತಿರುವು ಮುರುವು ಮಾಡಿದರು. ಕಣ್ಣು ಮಂಜಾದ ಒಬ್ಬರು ತಮ್ಮ ಬ್ರೌಸರಿನಲ್ಲಿ ಅಕ್ಷರ ದೊಡ್ಡದಿರಲಿ ಅಂತ ಬಯಸಿದರೆ, ಪುಟ ಬರೆದವನ ಚಪಲ ಅದಕ್ಕೆ ಅಡ್ಡ ಬರಬಾರದು ಅಂತ. ಅಷ್ಟು ದೊಡ್ಡ ಮನಸ್ಸಿನಿಂದ ಕಾಪಾಡಿಕೊಂಡು ಬಂದ ಅಸ್ತ್ರವನ್ನು ನಾವು ಪಕ್ಕದ ಸೀಟಿನವನ ನೀಲಿಯನ್ನು ಸೋಲಿಸಲು ಬಳಸುತ್ತೇವೆ. ಯಾವ ಪೆಟ್ಟಿಗೆ ಯಾವುದರ ಮೇಲೆ ತೇಲಬೇಕು ಅಂತ ಹೇಳುವ ‘ಝಡ್ ಇಂಡೆಕ್ಸ್’ ಕಥೆಯೂ ಅದೇ. ಒಬ್ಬ 10 ಕೊಟ್ಟ, ಒಬ್ಬ 999 ಕೊಟ್ಟ, ಮತ್ತೊಬ್ಬ 99999 ಕೊಟ್ಟ. ಹರಾಜು ಕಟ್ಟೆಯಲ್ಲೂ ಈ ಪಾಟಿ ಏರುವುದಿಲ್ಲ. ಬ್ರೌಸರುಗಳು ಸಾಮಾನ್ಯವಾಗಿ 2147483647ಕ್ಕೆ ಕೈ ಎತ್ತುತ್ತವೆ. ಆ ಸಂಖ್ಯೆಯನ್ನು ಬಾಯಿಪಾಠ ಮಾಡಿಕೊಂಡು ಓಡಾಡುವವರು ನಮ್ಮ ನಡುವೆ ಇದ್ದಾರೆ, ಎಚ್ಚರ.

ಇಂಥ ಹತ್ತಾರು ಫೈಲುಗಳನ್ನು ಒಂದೊಂದಾಗಿ ಬ್ರೌಸರಿಗೆ ಕಳಿಸುತ್ತ ಕೂತರೆ ಪುಟ ತೆರೆಯುವಷ್ಟರಲ್ಲಿ ಗಿರಾಕಿ ಎದ್ದು ಹೋಗುತ್ತಾನೆ. ಹಳೆಯ ಎಚ್‌ಟಿಟಿಪಿ 1.1ರ ಕಾಲದಲ್ಲಿ ಬ್ರೌಸರುಗಳು ಒಂದು ಸರ್ವರಿಗೆ ಒಟ್ಟಿಗೆ ಸಾಮಾನ್ಯವಾಗಿ ಆರೇ ಸಂಪರ್ಕ ತೆರೆಯುತ್ತಿದ್ದವು. ಏಳನೇ ಫೈಲು ಬಾಗಿಲಲ್ಲಿ ನಿಂತು ಕಾಯಬೇಕು. ಯಾಹೂನಲ್ಲಿದ್ದ ಸ್ಟೀವ್ ಸೌಡರ್ಸ್ 2007ರಲ್ಲಿ ವೆಬ್‌ಸೈಟುಗಳ ವೇಗದ ಮೇಲೆ ಬರೆದ ಪುಸ್ತಕದ ಮೊದಲನೇ ನಿಯಮವೇ ಸರ್ವರಿಗೆ ಹೋಗುವ ಕೋರಿಕೆಗಳನ್ನು ಕಡಿಮೆ ಮಾಡಿ ಅಂತ. ಅಲ್ಲಿಂದ ಶುರುವಾಯಿತು ಬಂಡಲ್ ಯುಗ. ಎಲ್ಲ ಫೈಲುಗಳನ್ನೂ ಒಂದಕ್ಕೊಂದು ಅಂಟಿಸು, ಖಾಲಿ ಜಾಗ, ಕಾಮೆಂಟು ಎಲ್ಲ ಹಿಂಡಿ ತೆಗೆದು ಮಿನಿಫೈ ಮಾಡು, ಒಂದೇ ಗಂಟು ಕಟ್ಟಿ ಕಳಿಸು. ಗಂಟು ಕಟ್ಟಿದ ಮೇಲೆ ಒಳಗೇನಿದ್ದರೇನು, ಹೊರಗೆ ನೀಟಾಗಿ ಕಾಣುತ್ತದಲ್ಲ!

ನಮ್ಮೂರಿನ ಆಫೀಸುಗಳಲ್ಲಿ ಡಾಟ್‌ನೆಟ್ ಪ್ರಾಜೆಕ್ಟುಗಳಿಗೆ ಬರವಿಲ್ಲ, ಹಾಗಾಗಿ ಉದಾಹರಣೆ ಅಲ್ಲಿಂದಲೇ ತೆಗೆಯುತ್ತೇನೆ. 2012ರಲ್ಲಿ ಬಂದ ಎಎಸ್‌ಪಿ ಡಾಟ್‌ನೆಟ್ 4.5ರಲ್ಲಿ ಮೈಕ್ರೋಸಾಫ್ಟಿನವರು ‘ಬಂಡಲ್‌ಕಾನ್ಫಿಗ್’ ಅನ್ನುವ ಫೈಲು ಕೊಟ್ಟರು. ಯಾವ ಗಂಟಿಗೆ ಯಾವ ಫೈಲುಗಳು ಅಂತ ಅಲ್ಲಿ ಪಟ್ಟಿ ಕೊಟ್ಟರೆ ಮಿಕ್ಕಿದ್ದು ಅದೇ ನೋಡಿಕೊಳ್ಳುತ್ತದೆ. ಗಂಟಿನ ವಿಳಾಸದ ಬಾಲಕ್ಕೆ ಒಂದು ಗುರುತಿನ ಅಕ್ಷರಮಾಲೆ ಅಂಟಿಸುತ್ತದೆ. ಬ್ರೌಸರಿಗೆ ಒಂದು ವರ್ಷ ಇಟ್ಟುಕೋ ಅನ್ನುತ್ತದೆ, ಒಳಗಿನ ಒಂದು ಫೈಲು ಬದಲಾದರೂ ಬಾಲ ಬದಲಾಗಿ ಬ್ರೌಸರ್ ಹೊಸದನ್ನು ತರಿಸಿಕೊಳ್ಳುತ್ತದೆ. ಅಚ್ಚುಕಟ್ಟು ಏರ್ಪಾಡು, ತಕರಾರಿಲ್ಲ. ತಕರಾರು ಇರುವುದು ಅದರ ಸ್ವಭಾವದಲ್ಲಿ. ಅದು ಜಗಳಗಂಟಿಯಲ್ಲ, ಬಾಯಿ ಬಿಡದೆ ಕೆಲಸ ಕೆಡಿಸುವ ಜಾತಿ.

ಮೊದಲನೆಯದಾಗಿ, ಡೀಬಗ್ ಮೋಡಿನಲ್ಲಿ ಅದು ಗಂಟನ್ನೇ ಕಟ್ಟುವುದಿಲ್ಲ. ಡೆವಲಪರ್ ಕೂತು ನೋಡುವಾಗ ಎಲ್ಲ ಫೈಲುಗಳೂ ಬಿಡಿ ಬಿಡಿಯಾಗಿ, ತಂತಮ್ಮ ಮನೆ ವಿಳಾಸದಿಂದಲೇ ಬರುತ್ತವೆ. ಗಂಟು ಕಟ್ಟುವುದು ರಿಲೀಸ್ ದಿನ. ರಿಲೀಸ್ ಯಾವಾಗಲೂ ಶುಕ್ರವಾರ ಸಂಜೆ. ಆಗ ನಡೆಯುವ ಮಾತುಕತೆ ಹೀಗಿರುತ್ತದೆ:

“ಮೇಡಂ, ಐಕಾನ್‌ಗಳು ಒಂದೂ ಬರ್ತಿಲ್ಲ ಅಂತ ಟೆಸ್ಟಿಂಗ್‌ನೋರು ಹೇಳ್ತಿದಾರೆ. ನನ್ನ ಮಷೀನಲ್ಲಿ ಸರಿಯಾಗಿದೆ.”

“ನಿನ್ನ ಮಷೀನನ್ನೇ ಪ್ಯಾಕ್ ಮಾಡಿ ಕ್ಲಯಂಟಿಗೆ ಕಳಿಸೋಣೇನಪ್ಪ?”

“ಅಲ್ಲ ಮೇಡಂ, ದೇವರಾಣೆ ಬೆಳಿಗ್ಗೆ ಬರ್ತಿತ್ತು.”

ಹುಡುಗ ಹೇಳುವುದು ನೂರಕ್ಕೆ ನೂರು ನಿಜ. ಸಂಗತಿ ಏನೆಂದರೆ, ಕ್ಯಾಲೆಂಡರು ಗೀಲೆಂಡರು ಬಿಡಿಸುವ ಥೀಮ್ ಫೈಲು ಇರುವುದು ‘ಕಂಟೆಂಟ್’ ಒಳಗಿನ ‘ಥೀಮ್ಸ್’ ಒಳಗಿನ ‘ಬೇಸ್’ ಫೋಲ್ಡರಿನಲ್ಲಿ. ಅದರೊಳಗೆ ಬರೆದಿರುವುದು ‘ನನ್ನ ಪಕ್ಕದ ಇಮೇಜಸ್ ಫೋಲ್ಡರಿನಿಂದ ಚಿತ್ರ ತಾ’ ಅಂತ. ಬಿಡಿಯಾಗಿ ಬಂದಾಗ ಅದರ ಪಕ್ಕ ಅಂದರೆ ಪಕ್ಕವೇ. ಈಗ ಅದನ್ನು ‘ಕಂಟೆಂಟ್/ಸಿಎಸ್‌ಎಸ್’ ಅನ್ನುವ ವಿಳಾಸದ ಗಂಟಿಗೆ ತುಂಬಿದಿರಿ. ಬ್ರೌಸರಿಗೆ ಫೈಲಿನ ಹಳೇ ಮನೆ ಗೊತ್ತಿಲ್ಲ, ಗಂಟಿನ ವಿಳಾಸವಷ್ಟೇ ಗೊತ್ತು. ಅದು ಗಂಟಿನ ಪಕ್ಕದಲ್ಲಿ ಇಮೇಜಸ್ ಫೋಲ್ಡರ್ ಹುಡುಕುತ್ತದೆ. ಅಲ್ಲಿ ಏನಿರುತ್ತದೆ, ಮಣ್ಣು. ಮೈಕ್ರೋಸಾಫ್ಟಿನವರಿಗೆ ಇದು ಗೊತ್ತಿತ್ತು. ತಮ್ಮದೇ ಮಾದರಿ ಪ್ರಾಜೆಕ್ಟಿನಲ್ಲಿ ಥೀಮಿನ ಗಂಟಿಗೆ ‘ಕಂಟೆಂಟ್/ಥೀಮ್ಸ್/ಬೇಸ್/ಸಿಎಸ್‌ಎಸ್’ ಅಂತ ಉದ್ದ ಹೆಸರಿಟ್ಟಿದ್ದು ಅದಕ್ಕೇ. ಆ ಹೆಸರು ಯಾಕೆ ಅಷ್ಟುದ್ದ ಅಂತ ತಿಳಿಯದ ನಮ್ಮ ಸ್ವಚ್ಛತಾ ಪ್ರಿಯರು ಮೊದಲು ಮಾಡುವ ಕೆಲಸ ಅದನ್ನು ಚಿಕ್ಕದು ಮಾಡುವುದು.

ಆಮೇಲೆ ದಾರಿಗಳನ್ನು ತಿದ್ದಿ ಬರೆಯುವ ಒಂದು ಪರಿಹಾರವನ್ನೂ ಅವರೇ ಕೊಟ್ಟರು. ಅದನ್ನು ಹಾಕಿದರೆ ಐಕಾನ್‌ಗಳು ಬರುತ್ತವೆ. ಆದರೆ ಅಪ್ಲಿಕೇಶನ್ನನ್ನು ಸರ್ವರಿನ ಒಂದು ಉಪ ಡೈರೆಕ್ಟರಿಯ ಕೆಳಗೆ ಇಟ್ಟರೆ ಈ ಪರಿಹಾರಕ್ಕೆ ಆ ಡೈರೆಕ್ಟರಿಯ ಹೆಸರೇ ಮರೆತುಹೋಗುತ್ತದೆ. ಐಕಾನ್ ಮತ್ತೆ ಮಾಯ, ಹುಡುಗ ಮತ್ತೆ ದೇವರಾಣೆ.

ಗಂಟಿಗೆ ಇಟ್ಟ ಹೆಸರಿನದೇ ನಿಜವಾದ ಫೋಲ್ಡರೊಂದು ಡಿಸ್ಕಿನಲ್ಲಿ ಇದ್ದುಬಿಟ್ಟರೆ ಸರ್ವರ್ ಗಲಿಬಿಲಿಯಾಗಿ ‘403, ಒಳಗೆ ಬರಬೇಡಿ’ ಅನ್ನುತ್ತದೆ. ಡಿಸ್ಕಿನಲ್ಲೇ ಇಲ್ಲದ ಫೈಲಿನ ಹೆಸರನ್ನು ಪಟ್ಟಿಯಲ್ಲಿ ಬರೆದರೆ ಏನೂ ಅನ್ನುವುದಿಲ್ಲ, ಎರರ್ ಇಲ್ಲ, ಎಚ್ಚರಿಕೆ ಇಲ್ಲ, ಬಂದವರನ್ನು ಕೂರಿಸಿಕೊಂಡು ಬಸ್ ಬಿಟ್ಟೇಬಿಡುತ್ತದೆ. ‘ಮಿನ್’ ಅನ್ನುವ ಹೆಸರಿನ ಹಿಂಡಿದ ಫೈಲನ್ನಷ್ಟೇ ಕೊಟ್ಟರೆ ಡೀಬಗ್ ಮೋಡಿನಲ್ಲಿ ಅದನ್ನು ಕ್ಯಾರೇ ಅನ್ನುವುದಿಲ್ಲ. ಆದರೆ ಇವೆಲ್ಲಕ್ಕಿಂತ ನನಗೆ ಪ್ರೀತಿ ಅದರ ದೂರು ಪತ್ರದ ಮೇಲೆ. ಆ ಮಿನಿಫೈ ಮಾಡುವ ಯಂತ್ರ ಹಳೇ ಕಾಲದ್ದು. ಈಚಿನ ಸಿಎಸ್‌ಎಸ್‌ನಲ್ಲಿ ಎರಡು ಅಡ್ಡಗೆರೆ ಹಾಕಿ ಬರೆಯುವ ವೇರಿಯಬಲ್‌ಗಳನ್ನು ಕಂಡರೆ ಅದಕ್ಕೆ ಅರ್ಥವಾಗುವುದಿಲ್ಲ. ಅರ್ಥವಾಗಲಿಲ್ಲ ಅಂತ ಕೆಲಸ ನಿಲ್ಲಿಸಬೇಕಲ್ಲ? ಇಲ್ಲ. ಗಂಟಿನ ನೆತ್ತಿಯ ಮೇಲೆ ಒಂದು ಕಾಮೆಂಟು ಬರೆಯುತ್ತದೆ: ಹಿಂಡಲು ಆಗಲಿಲ್ಲ, ಇದ್ದದ್ದನ್ನು ಇದ್ದ ಹಾಗೇ ಕಳಿಸುತ್ತಿದ್ದೇನೆ, ಇಂಥಿಂಥ ಸಾಲಿನಲ್ಲಿ ಇಂಥಿಂಥ ತಪ್ಪು. ಈ ಪತ್ರವನ್ನೂ ಸೇರಿಸಿ ಗಿರಾಕಿಯ ಬ್ರೌಸರಿಗೆ ರವಾನಿಸುತ್ತದೆ. ಅಂದರೆ ನಮ್ಮ ಆಫೀಸಿನ ದೂರನ್ನು ನಮಗೊಬ್ಬರಿಗೆ ಬಿಟ್ಟು ಊರಿಗೆಲ್ಲ ಹಂಚುತ್ತದೆ. ವರ್ಷಗಟ್ಟಲೆ ಹಿಂಡದ ಗಂಟನ್ನೇ ಕಳಿಸುತ್ತ ‘ನಮ್ಮದು ಮಿನಿಫೈಡ್’ ಅಂತ ಪ್ರೆಸೆಂಟೇಶನ್ ಕೊಡುವವರಿದ್ದಾರೆ. ಪುಟ ಸರಿಯಾಗಿಯೇ ಕಾಣುತ್ತಿರುತ್ತದೆ, ಮತ್ತೆ ಯಾರು ಗಂಟಿನ ನೆತ್ತಿ ನೋಡುತ್ತಾರೆ?

ಇಂಟರ್ನೆಟ್ ಎಕ್ಸ್‌ಪ್ಲೋರರ್ ಬದುಕಿದ್ದ ಕಾಲದಲ್ಲಿ ಇನ್ನೊಂದು ತಮಾಷೆ ಇತ್ತು. ಅದರ 6ರಿಂದ 9ರವರೆಗಿನ ಆವೃತ್ತಿಗಳು ಒಂದು ಸ್ಟೈಲ್‌ಶೀಟಿನಲ್ಲಿ 4095 ಸೆಲೆಕ್ಟರುಗಳವರೆಗೆ, ಅಂದರೆ ಐಡಿ, ಕ್ಲಾಸ್ ಹಿಡಿದು ಬೆರಳು ತೋರಿಸುವ ಗುರುತುಗಳವರೆಗೆ ಮಾತ್ರ ಓದುತ್ತಿದ್ದವು. ಮುಂದಿನದನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತಿದ್ದವು. ಎಲ್ಲವನ್ನೂ ಒಂದೇ ಗಂಟಿಗೆ ತುಂಬಿದ ದೊಡ್ಡ ಅಪ್ಲಿಕೇಶನ್ನುಗಳು ಅಲ್ಲಿ ಮುಗ್ಗರಿಸುತ್ತಿದ್ದವು. ಬಿಟ್ಟುಹೋಗುವುದು ಗಂಟಿನ ತಳದ ಭಾಗ, ಅಂದರೆ ಗೆಲ್ಲಬೇಕಾಗಿದ್ದ ಕೊನೆಯ ಸಾಲುಗಳೇ. ಸರಿ, ಗಂಟೇ ಬೇಡ, ಬಿಡಿಯಾಗಿ ಕೊಡೋಣ ಅಂದರೆ ಒಂದು ಪುಟಕ್ಕೆ 31 ಸ್ಟೈಲ್‌ಶೀಟಿಗಿಂತ ಹೆಚ್ಚು ಒಪ್ಪುತ್ತಿರಲಿಲ್ಲ. ಕಟ್ಟಿದರೆ ಒಂದು ಕಷ್ಟ, ಬಿಚ್ಚಿದರೆ ಇನ್ನೊಂದು. ಹತ್ತನೇ ಆವೃತ್ತಿಯಲ್ಲಿ ಮಿತಿಯನ್ನು ಎಷ್ಟೋ ಪಟ್ಟು ಏರಿಸಿದರು, ಅಷ್ಟು ಹೊತ್ತಿಗೆ ಜನ ಕ್ರೋಮಿಗೆ ಗುಳೆ ಹೋಗಿಯಾಗಿತ್ತು.

ಈ ಸಾಲಿನ ವಿಚಾರಕ್ಕೆ ಬೇರೆ ಊರಿನವರು ಏನು ಮಾಡಿದರು ಅಂತ ನೋಡಿದರೆ ಸಮಾಧಾನವೇನೂ ಆಗುವುದಿಲ್ಲ. ರೂಬಿ ಆನ್ ರೇಲ್ಸ್‌ನವರು 2011ರ 3.1 ಆವೃತ್ತಿಯಲ್ಲಿ ‘ಅಸೆಟ್ ಪೈಪ್‌ಲೈನ್’ ತಂದರು. ಅದರಲ್ಲಿ ‘ಇಡೀ ಫೋಲ್ಡರನ್ನು ಸೇರಿಸು’ ಅನ್ನುವ ಒಂದು ಸಾಲಿದೆ. ಬಹಳ ಆರಾಮ. ಯಾವ ಕ್ರಮದಲ್ಲಿ ಸೇರಿಸುತ್ತದೆ ಅಂದರೆ ಇಂಗ್ಲಿಷ್ ವರ್ಣಮಾಲೆಯ ಕ್ರಮದಲ್ಲಿ. ಇದು ಗೊತ್ತಾದ ಮೇಲೆ ಎಲ್ಲರಿಗಿಂತ ಕೊನೆಗೆ ಬರಬೇಕಾದ ಫೈಲಿನ ಹೆಸರಿನ ಮೊದಲಿಗೆ ಎರಡು ಝಡ್ ಅಂಟಿಸುವ ಸಂಪ್ರದಾಯ ಶುರುವಾಯಿತು. ನಮ್ಮ ಡಾಟ್‌ನೆಟ್ ಕೂಡ ಫೋಲ್ಡರ್ ಪೂರ್ತಿ ಸೇರಿಸು ಅಂದರೆ ಅಕಾರಾದಿಯಾಗಿಯೇ ಹೋಗುತ್ತದೆ. ‘ರೀಸೆಟ್’ ಮತ್ತು ‘ನಾರ್ಮಲೈಸ್’ ಅನ್ನುವ ಇಬ್ಬರನ್ನು ಮಾತ್ರ ಹಿರಿಯರು ಅಂತ ಮುಂದಿನ ಸಾಲಿಗೆ ಕರೆದು ಕೂರಿಸುತ್ತದೆ, ಪಾಪ.

ಈಗಿನ ಹುಡುಗರು ಇದನ್ನೆಲ್ಲ ಕೇಳಿ ನಗುತ್ತಾರೆ. “ಅಂಕಲ್, ಈಗೆಲ್ಲ ವೆಬ್‌ಪ್ಯಾಕು, ವೀಟು. ಕಾಂಪೊನೆಂಟ್ ಜೊತೆಗೇ ಸಿಎಸ್‌ಎಸ್ ಇರತ್ತೆ, ಇಂಪೋರ್ಟ್ ಮಾಡಿದ್ರಾಯ್ತು.” ಆಯ್ತಪ್ಪ, ಮಾಡು, ಅವೂ ಗಂಟು ಕಟ್ಟುವ ಯಂತ್ರಗಳೇ. ಜಾವಾಸ್ಕ್ರಿಪ್ಟಿನಲ್ಲಿ ಯಾರು ಯಾರನ್ನು ಯಾವಾಗ ಇಂಪೋರ್ಟ್ ಮಾಡಿದರೋ ಅದರ ಮೇಲೆ ಸಿಎಸ್‌ಎಸ್‌ನ ಸಾಲು ನಿಲ್ಲುತ್ತದೆ. ಎರಡು ಕಡೆ ಎರಡು ಕ್ರಮದಲ್ಲಿ ಇಂಪೋರ್ಟ್ ಮಾಡಿದರೆ ವೆಬ್‌ಪ್ಯಾಕಿನ ಪ್ಲಗಿನ್ ‘ಕ್ರಮ ತಾಳೆಯಾಗುತ್ತಿಲ್ಲ’ ಅಂತ ಎಚ್ಚರಿಸುತ್ತದೆ. ಒಳ್ಳೆಯದೇ. ಆ ಎಚ್ಚರಿಕೆಯ ಬಾಯಿ ಮುಚ್ಚಿಸಲು ‘ಇಗ್ನೋರ್ ಆರ್ಡರ್’ ಅನ್ನುವ ಸ್ವಿಚ್ಚನ್ನೂ ಅದೇ ಪ್ಲಗಿನ್ ಒದಗಿಸಿದೆ. ನಮ್ಮವರು ಯಾವುದನ್ನು ಮೊದಲು ಕಲಿತಿರುತ್ತಾರೆ ಅಂತ ಹೇಳಬೇಕಾಗಿಲ್ಲ.

ಇದರ ಮೇಲೆ, ಪುಟ ಬೇಗ ತೆರೆಯಲಿ ಅಂತ ಗಂಟನ್ನು ತುಂಡು ತುಂಡು ಮಾಡಿ ಬೇಕಾದಾಗ ಬೇಕಾದ ತುಂಡು ತರಿಸುವ ಜಾಣತನ ಬಂದಿದೆ. ಈಗ ನೋಡಿ ಮಜಾ. ಗಿರಾಕಿ ಮೊದಲು ಪ್ರೊಫೈಲ್ ಪುಟ ನೋಡಿ ಆಮೇಲೆ ಕಾರ್ಟಿಗೆ ಬಂದರೆ ಕಾರ್ಟಿನ ತುಂಡು ಕೊನೆಗೆ ಬಂತು, ಬಟನ್ ನೀಲಿ. ಮೊದಲು ಕಾರ್ಟಿಗೆ ಹೋಗಿ, ಪ್ರೊಫೈಲ್ ನೋಡಿ, ಮತ್ತೆ ಕಾರ್ಟಿಗೆ ಬಂದರೆ ಪ್ರೊಫೈಲಿನ ತುಂಡು ಕೊನೆಯದಾಯಿತು, ಅದೇ ಬಟನ್ ಹಸಿರು. ಪುಟವನ್ನು ರೀಫ್ರೆಶ್ ಮಾಡಿದರೆ ಮತ್ತೆ ನೀಲಿ. ಟೆಸ್ಟಿಂಗಿನ ಹುಡುಗಿ ಬಗ್ ಹಾಕುತ್ತಾಳೆ. ಡೆವಲಪರ್ ತೆರೆದು ನೋಡಿ ‘ನನಗೆ ಬರುತ್ತಿಲ್ಲ’ ಅಂತ ಮುಚ್ಚುತ್ತಾನೆ. ಅವಳು ಮತ್ತೆ ತೆರೆಯುತ್ತಾಳೆ, ಅವನು ಮತ್ತೆ ಮುಚ್ಚುತ್ತಾನೆ. ಇಬ್ಬರದೂ ತಪ್ಪಿಲ್ಲ, ಇಬ್ಬರೂ ಅಪ್ಲಿಕೇಶನ್ನಿನೊಳಗೆ ಬೇರೆ ಬೇರೆ ದಾರಿಯಲ್ಲಿ ನಡೆದು ಬಂದಿದ್ದಾರೆ ಅಷ್ಟೇ.

ಫೋಲ್ಡರ್ ಹೆಸರಿನ ಮಡಿವಂತಿಕೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅದರಲ್ಲಿ ಒಂದೊಂದು ಪಂಥಕ್ಕೂ ಒಬ್ಬೊಬ್ಬ ಆಚಾರ್ಯರಿದ್ದಾರೆ. ನಿಕೋಲ್ ಸಲಿವನ್ ಅವರದೊಂದು, 2011ರಲ್ಲಿ ಜೊನಾಥನ್ ಸ್ನೂಕ್ ಅವರದೊಂದು. ರಷ್ಯಾದ ಯಾಂಡೆಕ್ಸ್ ಕಂಪನಿಯಲ್ಲಿ ಹುಟ್ಟಿದ ‘ಬೆಮ್’ ಪದ್ಧತಿಯ ಜನಪ್ರಿಯ ರೂಪದಲ್ಲಿ ಒಂದು ಬಟನ್ನಿನ ಹೆಸರು ಓದಿ ಮುಗಿಸುವಷ್ಟರಲ್ಲಿ ಎರಡು ಅಡಿಗೆರೆ, ಎರಡು ಅಡ್ಡಗೆರೆ ದಾಟಬೇಕು, ಆದರೆ ಯಾರು ಯಾರ ಮನೆಯವರು ಅಂತ ಹೆಸರಲ್ಲೇ ತಿಳಿಯುತ್ತದೆ, ಅದು ಸಣ್ಣ ಉಪಕಾರವಲ್ಲ. ಸಿಎಸ್‌ಎಸ್ ಬರೆಯಲು ಸ್ಯಾಸ್ ಅನ್ನುವ ಸಲಕರಣೆ ಬಳಸುವವರಲ್ಲಿ ಏಳು ಫೋಲ್ಡರ್, ಒಂದು ಫೈಲ್ ಅನ್ನುವ ಪದ್ಧತಿ ಹೆಸರುವಾಸಿ. ಎಲ್ಲರೂ ಆ ಏಳು ಫೋಲ್ಡರುಗಳ ಬಗ್ಗೆ ಜಗಳ ಕಾಯುತ್ತಾರೆ. ಕಾರ್ಡು ಕಾಂಪೊನೆಂಟೋ ಲೇಔಟೋ ಅಂತ ಒಂದು ಮಧ್ಯಾಹ್ನ ಕಳೆಯುತ್ತಾರೆ. ನನ್ನ ಕಣ್ಣಿಗೆ ಬೆಲೆಬಾಳುವುದು ಆ ಒಂದೇ ಒಂದು ಫೈಲು, ಏಕೆಂದರೆ ಯಾರ ಹಿಂದೆ ಯಾರು ಅನ್ನುವ ಪಟ್ಟಿ ಅದರಲ್ಲಿದೆ. ಇದ್ಯಾವುದೂ ಬೇಡ, ಬಣ್ಣ ಅಂತರ ಎಲ್ಲವನ್ನೂ ಎಚ್‌ಟಿಎಂಎಲ್ಲಿನಲ್ಲೇ ಕ್ಲಾಸುಗಳಾಗಿ ಬರೆದುಬಿಡಿ ಅಂತ 2017ರಲ್ಲಿ ಆಡಮ್ ವಾದನ್ ‘ಟೇಲ್‌ವಿಂಡ್’ ತಂದರು. ಹಾಗೆ ಬರೆದ ಒಂದು ಬಟನ್ನಿನ ಸಾಲು ರೈಲಿನಷ್ಟು ಉದ್ದ. ಆದರೂ ಬಟನ್ ತೆಗೆದರೆ ಅದರ ಬಣ್ಣವೂ ಜೊತೆಗೇ ಹೋಗುತ್ತದೆ, ಅನಾಥ ಸ್ಟೈಲು ಉಳಿಯುವುದಿಲ್ಲ. ಬೈಯುತ್ತಲೇ ಒಪ್ಪಿಕೊಳ್ಳಬೇಕಾದ ಸಂಗತಿ.

ಅನಾಥ ಸ್ಟೈಲುಗಳನ್ನು ಹುಡುಕಲು ಕ್ರೋಮಿನಲ್ಲಿ 2017ರಿಂದ ‘ಕವರೇಜ್’ ಅನ್ನುವ ಕಿಟಕಿ ಇದೆ. ಈ ಪುಟದಲ್ಲಿ ಬಳಕೆಯಾಗದ ಸಾಲುಗಳಿಗೆ ಕೆಂಪು ಪಟ್ಟಿ ಹಾಕಿ ತೋರಿಸುತ್ತದೆ. ಮೊದಲ ಸಲ ನೋಡಿದವರ ಮುಖವೂ ಕೆಂಪಾಗುತ್ತದೆ. ಸರಿ, ಕೆಂಪಿದ್ದದ್ದನ್ನೆಲ್ಲ ಕಿತ್ತು ಹಾಕೋಣ ಅಂತ ಉತ್ಸಾಹಿ ಹುಡುಗ ಹೊರಟರೆ ಸೀನಿಯರ್ ಮೇಡಂ ಕೈ ಹಿಡಿಯುತ್ತಾರೆ. “ಬೇಡ ಕಣಪ್ಪ, ಕೈ ಹಚ್ಚಬೇಡ.” ಅವರ ಹೆದರಿಕೆಯಲ್ಲಿ ಹುರುಳಿದೆ. ‘ಸ್ಟೇಟಸ್-ರಿಜೆಕ್ಟೆಡ್’ ಅನ್ನುವ ಕ್ಲಾಸನ್ನು ಸ್ಟೈಲ್‌ಶೀಟು ಬಿಟ್ಟು ಇಡೀ ಪ್ರಾಜೆಕ್ಟಿನಲ್ಲಿ ಹುಡುಕಿದರೆ ಎಲ್ಲೂ ಸಿಗುವುದಿಲ್ಲ. ಏಕೆಂದರೆ ಯಾರೋ ಜಾವಾಸ್ಕ್ರಿಪ್ಟಿನಲ್ಲಿ ‘ಸ್ಟೇಟಸ್’ ಮತ್ತು ಒಂದು ಅಡ್ಡಗೆರೆ ಬರೆದು, ಉಳಿದದ್ದನ್ನು ಡೇಟಾಬೇಸಿನಿಂದ ತಂದು ಜೋಡಿಸಿದ್ದಾರೆ. ಅರ್ಜಿ ತಿರಸ್ಕಾರವಾದ ದಿನ ಮಾತ್ರ ಅದು ಪ್ರತ್ಯಕ್ಷವಾಗುತ್ತದೆ. ಆದ್ದರಿಂದ ದೀಪಾವಳಿ ಹಣತೆಗೂ ಜೀವದಾನ.

2015ರಲ್ಲಿ ಎಚ್‌ಟಿಟಿಪಿ 2 ಬಂದ ಮೇಲೆ ಒಂದೇ ಸಂಪರ್ಕದಲ್ಲಿ ಹತ್ತಾರು ಫೈಲುಗಳು ಒಟ್ಟಿಗೆ ಹರಿಯತೊಡಗಿದವು. ಆರು ಬಾಗಿಲಿನ ತೊಡಕು ಹೋಯಿತು. ಹಾಗಾದರೆ ಗಂಟು ಕಟ್ಟುವುದೇ ಬೇಡವಲ್ಲ ಅಂತ ಒಂದು ಗುಂಪು. ದೊಡ್ಡ ಫೈಲು ಚೆನ್ನಾಗಿ ಕಂಪ್ರೆಸ್ ಆಗುತ್ತದೆ ಅಂತ ಇನ್ನೊಂದು ಗುಂಪು. ಒಂದು ಸಾಲು ಬದಲಾದರೆ ಇಡೀ ಗಂಟನ್ನು ಮತ್ತೆ ಹೊರಬೇಕಲ್ಲ ಅಂತ ಮತ್ತೆ ಮೊದಲನೇ ಗುಂಪು. ಎರಡು ಕಡೆಯೂ ಸತ್ಯವಿದೆ, ಆದ್ದರಿಂದ ಈ ಜಗಳ ಮುಗಿಯುವುದಿಲ್ಲ. ಮೂರು ನಾಲ್ಕು ಗಂಟು ಕಟ್ಟಿ ಸುಮ್ಮನಿರುವುದು ನನ್ನ ಪಕ್ಷ. ಎಂದೂ ಬದಲಾಗದ ಲೈಬ್ರರಿಗಳದ್ದೊಂದು, ನಮ್ಮ ದಿನನಿತ್ಯದ ತಿದ್ದುಪಡಿಗಳದ್ದೊಂದು, ಮಿಕ್ಕಿದ್ದು ಪುಟಕ್ಕೆ ತಕ್ಕಂತೆ.

ಕನ್ನಡ ಪುಟಗಳ ಪಾಡು ಹೇಳದಿದ್ದರೆ ಹೇಗೆ. ಇಂಗ್ಲಿಷಿಗೆ ಅಂತ ಮಾಡಿದ ಅಪ್ಲಿಕೇಶನ್ನಿಗೆ ಕೊನೇ ತಿಂಗಳಲ್ಲಿ ‘ಕನ್ನಡವನ್ನೂ ಹಾಕಿಬಿಡಿ’ ಅಂತ ಆಜ್ಞೆ ಬರುತ್ತದೆ. ಇಂಗ್ಲಿಷ್ ಅಕ್ಷರದ ಅಳತೆಗೆ ಸಾಲಿನ ಎತ್ತರವನ್ನು ಬಿಗಿ ಮಾಡಿ, ಉಕ್ಕಿದ್ದನ್ನು ಕತ್ತರಿಸು ಅಂತ ಬೇರೆ ಬರೆದಿರುತ್ತಾರೆ. ನಮ್ಮ ಒತ್ತಕ್ಷರಗಳು ಇರುವುದೇ ಕೆಳಗೆ. ಕತ್ತರಿಸಿದರೆ ‘ಸಲ್ಲಿಸಿ’ ಬಟನ್ ‘ಸಲಿಸಿ’ ಆಗುತ್ತದೆ, ‘ರಾಷ್ಟ್ರ’ದಲ್ಲಿ ‘ರಾಷ’ ಉಳಿಯುತ್ತದೆ. ಮೆನುವಿಗೆ ಗತ್ತು ಬರಲಿ ಅಂತ ‘ಎಲ್ಲ ದೊಡ್ಡಕ್ಷರ ಮಾಡು’ ಅಂದ ಆಜ್ಞೆಗೆ ಕನ್ನಡ ಮಿಸುಕುವುದೂ ಇಲ್ಲ, ದೊಡ್ಡಕ್ಷರ ಸಣ್ಣಕ್ಷರ ಅನ್ನುವ ಭೇದ ನಮ್ಮಲ್ಲಿಲ್ಲವಲ್ಲ. ಓರೆ ಮಾಡು ಅಂದರೆ ಕನ್ನಡ ಫಾಂಟಿನಲ್ಲಿ ಓರೆ ಅಕ್ಷರ ಇಲ್ಲದಿದ್ದಾಗ ಬ್ರೌಸರು ನೆಟ್ಟಗಿದ್ದದ್ದನ್ನೇ ತಳ್ಳಿ ವಾಲಿಸುತ್ತದೆ, ಜ್ವರ ಬಂದವರ ಹಾಗೆ ಕಾಣುತ್ತವೆ.

ಇದಕ್ಕೆಲ್ಲ ಪರಿಹಾರ ಅಂತ ಒಂದು ಕನ್ನಡ ಫೈಲು ಬರೆದು ಎಲ್ಲರಿಗಿಂತ ಕೊನೆಗೆ ಲೋಡ್ ಮಾಡುತ್ತಾರೆ, ಆಮೇಲೆ ಅದರ ಕೆಳಗೆ ಇನ್ನೊಬ್ಬ ಬಂದು ‘ಫಿಕ್ಸ್’ ಇಡುತ್ತಾನೆ, ಒತ್ತು ಮತ್ತೆ ಹೋಗುತ್ತದೆ. ಪುಟದ ಭಾಷೆ ಕನ್ನಡ ಅಂತ ಎಚ್‌ಟಿಎಂಎಲ್‌ನ ಮೊದಲ ಸಾಲಿನಲ್ಲೇ ಹೇಳಿ, ಭಾಷೆ ನೋಡಿ ಸಾಲಿನ ಎತ್ತರ ಸಡಿಲಿಸುವ ಸೆಲೆಕ್ಟರ್ ಬರೆದರೆ ಇಷ್ಟು ರಗಳೆ ಇಲ್ಲ. ಫಾಂಟನ್ನೂ ಕನ್ನಡದ ಯೂನಿಕೋಡ್ ವ್ಯಾಪ್ತಿಗೆ ಮಾತ್ರ ಅಂತ ಗೊತ್ತುಮಾಡಿದರೆ, ಪುಟದಲ್ಲಿ ಕನ್ನಡ ಅಕ್ಷರ ಇದ್ದಾಗ ಮಾತ್ರ ಬ್ರೌಸರ್ ಅದನ್ನು ಇಳಿಸಿಕೊಳ್ಳುತ್ತದೆ, ಇಂಗ್ಲಿಷ್ ಓದುವವನ ತಲೆಗೆ ಆ ಭಾರ ಬೀಳುವುದಿಲ್ಲ. ಆದರೆ ಪುಟ ಪೂರ್ತಿ ಕನ್ನಡದಲ್ಲಿದ್ದರೂ ಮೊದಲ ಸಾಲಿನಲ್ಲಿ ‘ಭಾಷೆ: ಇಂಗ್ಲಿಷ್’ ಅಂತಲೇ ಉಳಿದಿರುವ ಎಷ್ಟು ಪುಟಗಳು ಬೇಕು ನಿಮಗೆ?

2022ರಲ್ಲಿ ಎಲ್ಲ ಮುಖ್ಯ ಬ್ರೌಸರುಗಳಿಗೂ ‘ಲೇಯರ್’ ಅನ್ನುವ ಹೊಸ ಸೌಲಭ್ಯ ಬಂದಿದೆ. ಸ್ಟೈಲ್‌ಶೀಟಿನ ಹಣೆಯ ಮೇಲೆ ಒಂದೇ ಸಾಲು: ಮೊದಲು ರೀಸೆಟ್, ಆಮೇಲೆ ಲೈಬ್ರರಿ, ಆಮೇಲೆ ನಮ್ಮ ಕಾಂಪೊನೆಂಟುಗಳು, ಕೊನೆಗೆ ತಿದ್ದುಪಡಿ. ಇಷ್ಟು ಬರೆದರೆ ಲೇಯರಿನೊಳಗೆ ಹಾಕಿದ ಫೈಲುಗಳು ಗಂಟಿನಲ್ಲಿ ಹೇಗೇ ಕಲಸಿಹೋಗಲಿ, ಯಾವ ತುಂಡು ಮೊದಲು ಬರಲಿ, ಕೊನೆಗೆ ಬರಲಿ, ಹಣೆಯಲ್ಲಿ ಬರೆದದ್ದೇ ನಡೆಯುತ್ತದೆ. ಲೈಬ್ರರಿಯವನು ಎಷ್ಟೇ ಐಡಿಗಳನ್ನು ಪೇರಿಸಿ ಬರೆದಿದ್ದರೂ ನಮ್ಮ ಒಂದು ಬಡ ಕ್ಲಾಸು ಅವನನ್ನು ದಾಟಿ ಹೋಗುತ್ತದೆ. ಅಂತೂ ಸಾಲನ್ನು ಬರೆದಿಡಲು ಒಂದು ಜಾಗ ಸಿಕ್ಕಿತು ಅಂತ ನಾನು ನಮ್ಮ ಟೀಮಿಗೆ ಉತ್ಸಾಹದಿಂದ ವಿವರಿಸಿದೆ. ಎಲ್ಲರೂ ತಲೆಯಾಡಿಸಿದರು. ನಾಲ್ಕನೆಯವನು, ಅದೇ ಉದ್ಗಾರ ಚಿಹ್ನೆಯ ಶೂರ, ಕೈ ಎತ್ತಿದ.

“ಸಾರ್, ಲೇಯರ್ ಒಳಗೂ ಇಂಪಾರ್ಟೆಂಟ್ ಹಾಕಬಹುದಾ?”

“ಹಾಕಬಹುದಪ್ಪ.”

“ಸೂಪರ್ ಸಾರ್. ಹಂಗಾದ್ರೆ ನಂದು ಕೊನೇ ಲೇಯರಲ್ಲಿ ಇಟ್ಕೋತೀನಿ.”

ಲೇಯರುಗಳಲ್ಲಿ ಇಂಪಾರ್ಟೆಂಟ್ ಬಂದರೆ ಕ್ರಮ ಉಲ್ಟಾ ಆಗುತ್ತದೆ, ಮೊದಲ ಲೇಯರಿನವನ ಇಂಪಾರ್ಟೆಂಟೇ ಎಲ್ಲರಿಗಿಂತ ಮೇಲು, ಕೊನೆಯ ಲೇಯರಿನವನದು ಎಲ್ಲರಿಗಿಂತ ಕೆಳಗೆ. ಹೇಳೋಣ ಅಂತ ಬಾಯಿ ತೆರೆದೆ. ಅಷ್ಟರಲ್ಲಿ ಅವನು ಲ್ಯಾಪ್‌ಟಾಪ್ ಮಡಚಿಕೊಂಡು ಕಾಫಿಗೆ ಹೊರಟಿದ್ದ. ಬಿಟ್ಟೆ.